ಸದ್ದಿನ ವೇಗ ತಿದ್ದುವ ನಮ್ಮಣ್ಣ

ನಮ್ಮ ಅಣ್ಣ ತನ್ನ ಜೀವಮಾನದಲ್ಲಿ ಒಂದೇ ಒಂದು ಲೋಟ ಕಾಫಿಯನ್ನಾದರೂ ಬಿಸಿಯಾಗಿ ಕುಡಿದಿದ್ದಾನೆ ಎಂದು ಯಾರಾದರೂ ಸಾಧಿಸಿ ತೋರಿಸಿದರೆ, ಅವರಿಗೆ ನನ್ನ ಹೋಟೆಲಿನಲ್ಲಿ ಆಯುಷ್ಯವಿಡೀ ಮಸಾಲೆದೋಸೆ ಪುಕ್ಕಟೆ! ಜಂಬಕ್ಕೆ ಹೇಳುತ್ತಿಲ್ಲ. ಕಾಫಿ ಎದುರಿಗೆ ಬಂದ ಕೂಡಲೇ ಅವನು ಅಂಗಿಯ ಜೇಬಿನಿಂದ ಥರ್ಮಾಮೀಟರ್ ತೆಗೆಯುತ್ತಾನೆ. ಲೋಟದಲ್ಲಿ ಅದ್ದುತ್ತಾನೆ. ಅಂಕಿ ನಿಲ್ಲುವವರೆಗೆ ಕಾಯುತ್ತಾನೆ. ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮೇಲಿನ ಅಂಕಿ ಒಂದು, ತಳದ ಅಂಕಿ ಇನ್ನೊಂದು ಬಂತೋ, ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. "ಇದೆಂತ ಮಾರಾಯ, ತಣ್ಣಗಿನ ಕಾಫಿ ಕೊಡುದು ನೀನು!" ಎಂದು ಬೈಸಿಕೊಳ್ಳುವವನು ನಾನು.

ನನ್ನದು ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ಸಾಲಿನ ಎದುರು, ಒಂದು ಉಡುಪಿ ಹೋಟೆಲು. ಬೆಳಗಿನ ಪಾಳಿಯವರು ಇಡ್ಲಿ ತಿಂದು ಒಳಗೆ ಹೋಗುತ್ತಾರೆ, ರಾತ್ರಿ ಪಾಳಿಯವರು ದೋಸೆ ತಿಂದು ಮನೆಗೆ ಹೋಗುತ್ತಾರೆ. ಅಣ್ಣ ನನಗಿಂತ ಆರು ವರ್ಷ ದೊಡ್ಡವ. ಅಹಮದಾಬಾದಿನ ಒಂದು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು, ಕಾಫಿಯ ಸಂಗತಿ ಓದಿದ ಮೇಲೂ ಕೇಳುತ್ತೀರಾ? ಪ್ರತಿ ಭಾನುವಾರ ಬೆಳಗಿನ ರೈಲಿಗೆ ಬಂದು, ಮಧ್ಯಾಹ್ನ ನಮ್ಮೊಡನೆ ಉಂಡು, ಸಂಜೆಯ ರೈಲಿಗೆ ಹೋಗುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವನಲ್ಲ.

ಅವನ ಕೆಲಸ ಏನೆಂದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಕೊನೆಗೆ ಅರ್ಥ ಮಾಡಿಸಿದ್ದು ಒಗ್ಗರಣೆ!

"ನೀನು ಇಲ್ಲಿ ಗಲ್ಲಾದಲ್ಲಿ ಕೂತಿರುವಾಗ ಒಳಗೆ ಸಾಸಿವೆ ಸಿಡಿದ್ರೆ ಯಾವ ಒಲೆಯಲ್ಲಿ ಅಂತ ಗೊತ್ತಾಗ್ತದಲ್ಲ?" ಎಂದು ಕೇಳಿದ.

"ಗೊತ್ತಾಗದೆ ಎಂತ? ಕಣ್ಣು ಮುಚ್ಚಿ ಹೇಳ್ತೇನೆ."

"ನನ್ನದೂ ಅದೇ ಕೆಲಸ. ಮೈಯೊಳಗೆ ಸಾಸಿವೆ ಸಿಡಿಸಿ, ಎಲ್ಲಿ ಸಿಡೀತು ಅಂತ ಕಂಡುಹಿಡಿಯುದು."

ಅಂದರೆ ಹೀಗೆ. ಮೈಮೇಲೆ ಲೇಸರ್ ಬೆಳಕನ್ನು ಒಂದು ಕ್ಷಣ ಮಿಂಚಿಸುತ್ತಾರೆ. ಒಳಗಿನ ರಕ್ತ ಆ ಬೆಳಕನ್ನು ಹೀರಿ ಒಂದು ಚೂರು ಬಿಸಿಯಾಗಿ, ಒಂದು ಚೂರು ಉಬ್ಬಿ, ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಕೇಳದ ಸದ್ದು. ಮೈಯನ್ನು ನೀರಿನಲ್ಲಿ ಇಟ್ಟು, ಸುತ್ತಲೂ ಆ ಸದ್ದು ಹಿಡಿಯುವ ಸಾಧನಗಳನ್ನು ಜೋಡಿಸಿರುತ್ತಾರೆ. ಯಾವ ಸಾಧನಕ್ಕೆ ಸದ್ದು ಎಷ್ಟು ಹೊತ್ತಿಗೆ ತಲುಪಿತು ಎಂದು ನೋಡಿ, ಅದು ಎಷ್ಟು ದೂರದಿಂದ ಬಂತು ಎಂದು ಕಂಪ್ಯೂಟರು ಲೆಕ್ಕ ಹಾಕಿ ರಕ್ತನಾಳಗಳ ಚಿತ್ರ ಬಿಡಿಸುತ್ತದೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಇಷ್ಟು ಚೆಂದದ ಕೆಲಸದಲ್ಲಿ ತಕರಾರು ಒಂದೇ. ಸದ್ದು ಎಲ್ಲ ಕಡೆ ಒಂದೇ ವೇಗದಲ್ಲಿ ಓಡುವುದಿಲ್ಲವಂತೆ! ಕೊಬ್ಬಿನಲ್ಲಿ ನಿಧಾನ, ಮಾಂಸದಲ್ಲಿ ಜೋರು, ಎಲುಬಿನಲ್ಲಿ ಇನ್ನೂ ಜೋರು. ನೀರು ಬಿಸಿಯಾದಷ್ಟೂ ಅದರಲ್ಲಿ ಜೋರು. ಎಲ್ಲಕ್ಕೂ ಒಂದೇ ವೇಗ ಎಂದು ಹಿಡಿದುಕೊಂಡರೆ ಒಂದು ನಾಳ ಎರಡಾಗಿ ಕಾಣುತ್ತದೆ, ಇಲ್ಲಿರುವುದು ಅಲ್ಲಿ ಕಾಣುತ್ತದೆ. ಆ ತಪ್ಪನ್ನು ತಿದ್ದುವುದೇ ಅಣ್ಣನ ಉದ್ಯೋಗ.

"ಹಾಗಾದ್ರೆ ಭಾವ, ನೀವು ಸದ್ದಿನ ದಾರಿಗೆ ರೋಡ್ ಹಂಪ್ ಹಾಕುವವರು," ಎಂದಳು ನನ್ನ ಹೆಂಡತಿ.

"ಹಾಕುವವ ಅಲ್ಲಮ್ಮ. ದೇವರು ಎಲ್ಲೆಲ್ಲಿ ಹಾಕಿದ್ದಾನೆ ಅಂತ ಹುಡುಕುವವ."

ಇದಿಷ್ಟು ಗೊತ್ತಾದ ಮೇಲೆ ಥರ್ಮಾಮೀಟರಿನ ಹುಚ್ಚು ಎಲ್ಲಿಂದ ಬಂತೆಂದು ನಿಮಗೂ ಹೊಳೆದಿರಬೇಕು. ನೀರಿನ ಬಿಸಿ ತಪ್ಪಿದರೆ ವೇಗ ತಪ್ಪಿತು, ವೇಗ ತಪ್ಪಿದರೆ ಚಿತ್ರ ತಪ್ಪಿತು. ಆದರೆ ಅದು ಪ್ರಯೋಗಾಲಯದ ನೀರಿಗೆ ಸರಿ. ನನ್ನ ಹೋಟೆಲಿನ ಸಾಂಬಾರು ಏನು ಪಾಪ ಮಾಡಿತ್ತು? ಒಂದು ಭಾನುವಾರ ಅಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸಾಂಬಾರಿನ ಪಾತ್ರೆಗೆ ಥರ್ಮಾಮೀಟರ್ ಇಳಿಸಿ, ಗಂಭೀರವಾಗಿ ಬರೆದುಕೊಳ್ಳುತ್ತಿದ್ದ. ಪಕ್ಕದ ಚಹಾ ಗಾಡಿಯವನು ಅದನ್ನು ನೋಡಿಬಿಟ್ಟ. "ಸಾಹೇಬ್ ಆವ್ಯಾ! ಸಾಹೇಬ್ ಆವ್ಯಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಕುದಿಯುತ್ತಿದ್ದ ಚಹಾವನ್ನೆಲ್ಲ ಚರಂಡಿಗೆ ಸುರಿದು, ಗಾಡಿ ತಳ್ಳಿಕೊಂಡು ಓಡಿದ. ಎದುರಿನ ಖಾರದ ತಿಂಡಿಯ ಫರಸಾಣ್ ಅಂಗಡಿಯ ಶಟರ್ ದಡದಡ ಇಳಿಯಿತು. ಆಹಾರ ಇಲಾಖೆಯ ಅಧಿಕಾರಿ ಬಂದನೆಂದು ಇಡೀ ಬೀದಿ ಖಾಲಿ! ಅಣ್ಣ ತಲೆ ಎತ್ತಿ, "ಇವತ್ತು ಎಂತ ರಜೆಯಾ?" ಎಂದು ಕೇಳಿದ.

ಅವನ ಜೆಲ್ಲಿಯ ಕಥೆ ಇದಕ್ಕಿಂತ ಘೋರ. ಯಂತ್ರವನ್ನು ಪರೀಕ್ಷಿಸಲು ಮನುಷ್ಯನ ಮಾಂಸದಂಥ ಒಂದು ನಕಲಿ ಮುದ್ದೆ ಬೇಕಂತೆ. ಚೈನಾ ಗ್ರಾಸ್ ಕುದಿಸಿ, ಹಾಲು ಬೆರೆಸಿ, ಕೊಬ್ಬಿನ ಬದಲಿಗೆ ತುಪ್ಪದ ಪದರ ಹಾಕಿ, ನಡುವೆ ರಕ್ತನಾಳದ ಬದಲಿಗೆ ಒಂದು ಕರಿಕೂದಲು ಇಡಬೇಕು. ಚೈನಾ ಗ್ರಾಸ್, ಹಾಲು, ತುಪ್ಪ ನನ್ನ ಹೋಟೆಲಿನದು. ಕೂದಲು ನನ್ನ ಹೆಂಡತಿಯದು! ವಾರ ವಾರ ಬಂದು, "ಒಂದು ಕೂದಲು ಕೊಡಮ್ಮ, ಉದ್ದದ್ದು ಬೇಕು," ಎಂದು ಕಾಗದ ಹಿಡಿದು ನಿಲ್ಲುವ ಭಾವ ಬೇರೆ ಯಾರಿಗಾದರೂ ಇದ್ದಾನೆಯೇ? "ಮಾಟ ಗೀಟ ಎಂತ ಅಲ್ಲ ಅಲ್ವಾ ಭಾವ?" ಎಂದು ಅವಳು ನಗುತ್ತಲೇ ಕಿತ್ತು ಕೊಡುತ್ತಿದ್ದಳು.

ಒಮ್ಮೆ ಅಣ್ಣ ಆ ಮುದ್ದೆಯನ್ನು ನಮ್ಮ ಫ್ರಿಜ್ಜಿನಲ್ಲಿಟ್ಟು ಸ್ನಾನಕ್ಕೆ ಹೋದ. ಆ ಹೊತ್ತಿಗೆ ಒಬ್ಬ ಗಿರಾಕಿ, ಯಾವುದೋ ಕಾರ್ಖಾನೆಯ ಸೂಪರ್‌ವೈಸರು, "ಕುಛ್ ಮೀಠಾ ಲಾವ್," ಎಂದ. ನಮ್ಮ ಅಡಿಗೆ ಭಟ್ಟರು ಫ್ರಿಜ್ಜು ತೆಗೆದು ನೋಡಿದರು. ಬೆಳ್ಳಗೆ ಥಳಥಳ ಕುಣಿಯುವ ವಸ್ತು. ಧಣಿಗಳ ಅಣ್ಣ ಹೊಸ ಸಿಹಿ ಮಾಡಿಟ್ಟಿದ್ದಾರೆ ಎಂದುಕೊಂಡು, ಮೇಲೆ ಒಂದು ಸೌಟು ಸಕ್ಕರೆ ಪಾಕ ಹೊಯ್ದು ಕಳುಹಿಸಿಯೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರು ಗಲ್ಲಾದ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಶೇಠ್, ಚೀಜ್ ಅಚ್ಛೀ ಹೈ. ಲೇಕಿನ್ ಬಾಲ್ ನಿಕ್ಲಾ." ಆಗಲೇ ತಲೆ ಒರೆಸುತ್ತಾ ಬಂದ ಅಣ್ಣ, "ಬಾಲ್? ಬಾಲ್ ಕಹಾಂ ಹೈ? ಫೇಂಕಾ ತೋ ನಹೀಂ?" ಎಂದು ಆ ಮನುಷ್ಯನ ತಟ್ಟೆಯ ಮೇಲೆ ಮುಗಿಬಿದ್ದು, ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ತೊಳೆದು, ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ. ಒಂದು ಕೂದಲು ಸಿಕ್ಕಿದ್ದಕ್ಕೆ ಇಷ್ಟು ಸಂಕಟಪಡುವ ಹೋಟೆಲನ್ನು ಆ ಗಿರಾಕಿ ಎಲ್ಲಿಯೂ ಕಂಡಿರಲಿಲ್ಲವಂತೆ. ಅಂದಿನಿಂದ ಅವನು ಕಾಯಂ ಗಿರಾಕಿಯಾದ.

ಇನ್ನು ಸೂರತ್ತಿಗೆ ಒಂದು ಮದುವೆಗೆ ಹೋಗಿ ಬರುವಾಗ ಆದದ್ದು. ಉಧ್ನಾ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಿತ್ತು. ನಾನು, ಹೆಂಡತಿ ಹತ್ತಿ ಕುಳಿತೆವು. ಅಣ್ಣ ಕೆಳಗೇ ನಿಂತು ಆಕಾಶ ನೋಡುತ್ತಿದ್ದ. ಮೈಕಿನಲ್ಲಿ ಹೇಳಿದ್ದು ಅವನಿಗೆ ಎರಡೆರಡು ಸಲ ಕೇಳಿಸುತ್ತಿತ್ತಂತೆ, ಹತ್ತಿರದ ಮೈಕಿನಿಂದ ಮೊದಲು, ದೂರದ ಮೈಕಿನಿಂದ ಆಮೇಲೆ. ಎಷ್ಟು ದೂರವೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಅದು ಸರಿಯೇ ಎಂದು ನೋಡಲು ಹೆಜ್ಜೆ ಎಣಿಸುತ್ತಾ ಹೊರಟುಬಿಟ್ಟ! ನಾನು ಕಿಟಕಿಯಿಂದ ಕೂಗಿದೆ, ಹೆಂಡತಿ ಕೂಗಿದಳು, ರೈಲೂ ಕೂಗಿತು. ಸದ್ದಿನ ವಿಷಯದಲ್ಲಿ ಪಂಡಿತನಾದ ಮನುಷ್ಯನಿಗೆ ಈ ಮೂರರಲ್ಲಿ ಒಂದೂ ಕೇಳಲಿಲ್ಲ. ಭರೂಚ್ ದಾಟಿದ ಮೇಲೆ ಫೋನು ಬಂತು. "ನೂರ ಹನ್ನೆರಡು ಹೆಜ್ಜೆ ಮಾರಾಯ. ಇವತ್ತು ಸೆಖೆ ಜಾಸ್ತಿ, ಒಂದೆರಡು ಹೆಜ್ಜೆ ಆಚೀಚೆ ಆದೀತು. ಅದು ಹೋಗ್ಲಿ, ನೀವೆಲ್ಲಿದ್ದೀರಿ?"

ಹೀಗೆ ಇನ್ನೂ ನಾಲ್ಕು ಹೇಳಿ ನಿಮ್ಮನ್ನು ನಗಿಸಬಲ್ಲೆ. ಆದರೆ ಎಷ್ಟು ಹೊತ್ತು? ಮುಂದಿನದನ್ನು ಹೇಳಬಾರದೆಂದು ಒಂದು ವರ್ಷದಿಂದ ತಪ್ಪಿಸಿಕೊಂಡು ತಿರುಗಿದ್ದೇನೆ. ತಿರುಗಿದ್ದೇನೆ ಎನ್ನಲಿಕ್ಕೂ ನಗು ಬರುತ್ತದೆ. ಈಗ ನನಗಿರುವುದು ಒಂದೇ ಕಾಲು.

ಸಕ್ಕರೆ ಕಾಯಿಲೆ ನನಗೆ ಬಹಳ ವರ್ಷದಿಂದ ಇದೆ. ಹೋದ ವರ್ಷದ ಚಳಿಗಾಲದಲ್ಲಿ ದೋಸೆ ಕಾವಲಿಯ ಎಣ್ಣೆ ಬಲಗಾಲ ಹೆಬ್ಬೆರಳಿಗೆ ಸಿಡಿದು ಗುಳ್ಳೆ ಎದ್ದಿತು. ನನಗೆ ಗೊತ್ತೇ ಆಗಲಿಲ್ಲ. ನೋಡಿದವಳು ಹೆಂಡತಿ. ಭಾನುವಾರ ಭಾವನ ಹತ್ತಿರ ದೂರು ಹೋಯಿತು.

"ನಾಳೆಯೇ ಡಾಕ್ಟರ್ ಹತ್ರ ಹೋಗು," ಎಂದ ಅಣ್ಣ.

"ಉತ್ತರಾಯಣದ ಹಬ್ಬ ಕಳೀಲಿ. ಗಾಳಿಪಟ ಬಿಟ್ಟು ಹಸಿದು ಬರುವವರಿಗೆ ಯಾರು ಬಡಿಸುದು?"

ಅಣ್ಣ ಬಗ್ಗಿ ಹೆಬ್ಬೆರಳನ್ನು ನೋಡಿದ. "ನಾವೀಗ ಕಾಲಿನ ಚಿತ್ರ ತೆಗೀತಾ ಇದ್ದೇವೆ. ಕಾಲು ಕೊಡುವವರು ಬೇಕು. ನೀನು ಬಾ. ನಾನೂ ಒಮ್ಮೆ ನೋಡಿದ ಹಾಗೆ ಆಗ್ತದೆ. ಆದ್ರೆ ಅದು ಡಾಕ್ಟರು ನೋಡಿದ ಹಾಗೆ ಅಲ್ಲ, ತಿಳೀತಾ?"

ಹೋದೆ. ಅಹಮದಾಬಾದಿನ ಬೀದಿಗಳಲ್ಲೆಲ್ಲ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ ಹಚ್ಚುತ್ತಿದ್ದರು. ಪ್ರಯೋಗಾಲಯದಲ್ಲಿ ಇಡ್ಲಿ ಹಿಟ್ಟಿನ ಕೊಪ್ಪರಿಗೆಯಷ್ಟು ದೊಡ್ಡ ನೀರಿನ ತೊಟ್ಟಿ. ಅಣ್ಣ ಅದರ ಬಿಸಿಯನ್ನು ಮೂರು ಸಲ ಅಳೆದು ಬರೆದುಕೊಂಡ. ಕಾಲು ಇಳಿಸಿದೆ. "ಅಲ್ಲಾಡಬೇಡ, ಈಗ ಬಂದೆ," ಎಂದು ಏನೋ ತರಲು ಪಕ್ಕದ ಕೋಣೆಗೆ ಹೋದ. ಹತ್ತು ನಿಮಿಷವಾದರೂ ಬರಲಿಲ್ಲ. ಜನವರಿಯ ಚಳಿ, ಮೇಲೆ ಏಸಿ. ಬೆರಳುಗಳಿಗೆ ಏನೂ ಗೊತ್ತಾಗಲಿಲ್ಲ, ಮೀನಖಂಡಕ್ಕೆ ಮಾತ್ರ ಚಳಿ ಕೊರೆಯತೊಡಗಿತು. ಮಾತ್ರೆ ನುಂಗಲೆಂದು ಹೆಂಡತಿ ಕೊಟ್ಟ ಬಿಸಿನೀರಿನ ಫ್ಲಾಸ್ಕು ಕೈಗೆಟಕುವ ಹಾಗೆ ಇತ್ತು. ಮೂವತ್ತು ವರ್ಷ ಹೋಟೆಲು ನಡೆಸಿದವನು ನಾನು. ನೀರು ತಣಿಯಿತೆಂದರೆ ಬಿಸಿ ಬೆರೆಸುವುದು ಕೈಗೆ ಅಂಟಿದ ಬುದ್ಧಿ. ಅರ್ಧ ಫ್ಲಾಸ್ಕು ತೊಟ್ಟಿಗೆ ಹೊಯ್ದೆ. ಆಹಾ, ಎಂಥ ಸುಖ!

ಅಣ್ಣ ಬಂದ. ಇಬ್ಬರೂ ಕರಿ ಕನ್ನಡಕ ಹಾಕಿಕೊಂಡೆವು. ಬೆಳಕು ಮಿಂಚಿತು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಬೈಯುತ್ತಾನೆ, ಮತ್ತೆ ಒಂದು ಗಂಟೆ ಕೂರಿಸುತ್ತಾನೆ, ಮಧ್ಯಾಹ್ನದ ರೈಲು ತಪ್ಪುತ್ತದೆ. ಅಷ್ಟೇ ಕಾರಣ. ದೇವರಾಣೆಗೂ ಅಷ್ಟೇ.

ಮುಂದಿನ ಎರಡು ಭಾನುವಾರ ಅಣ್ಣನಿಗೆ ಊಟ ಸೇರಲಿಲ್ಲ. "ನಿನ್ನ ಕಾಲು ಭಾರೀ ಹಟಮಾರಿ ಮಾರಾಯ. ಎಂತ ಮಾಡಿದ್ರೂ ಒಂದು ನಾಳ ಎರಡಾಗಿ ಕಾಣ್ತದೆ. ನಿನ್ನ ಕೊಬ್ಬು ಲೋಕದ ಕೊಬ್ಬಲ್ಲ!" ಎಂದ. ನಾನು ಹೊಟ್ಟೆ ಹಿಡಿದು ನಕ್ಕೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನೀರಿನ ಅಂಕಿಯನ್ನು ಮೂರು ಸಲ ಅಳೆದಿದ್ದನಲ್ಲ, ಅದರ ಮೇಲೆ ಅವನಿಗೆ ಸಂಶಯವೇ ಬರಲಿಲ್ಲ. ಕೊಬ್ಬಿನ ವೇಗ ಬದಲಿಸಿದ, ಚರ್ಮದ ವೇಗ ಬದಲಿಸಿದ, ಎರಡು ಗೆರೆ ಸೇರಿ ಒಂದಾಗುವವರೆಗೆ ತಿದ್ದಿದ. ಮೂರನೆಯ ಭಾನುವಾರ ಚಿತ್ರ ಹಿಡಿದುಕೊಂಡು ಬಂದ. ಪಾದದ ಗಂಟಿನಿಂದ ಹೆಬ್ಬೆರಳಿನವರೆಗೆ ಎಲ್ಲಿಯೂ ತುಂಡಾಗದ ಕೆಂಪು ಗೆರೆ.

"ಸಂಶೋಧನೆಗೆ ತೆಗೆದದ್ದು ಇದು. ನೀನು ಡಾಕ್ಟರಿಗೆ ತೋರಿಸಿಯೇ ತೋರಿಸ್ಬೇಕು," ಎಂದ.

ನಾನು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ದೇವರ ಪಟಗಳ ಪಕ್ಕ ನೇತುಹಾಕಿದೆ. "ಯೇ ನರ್ಮದಾ ಕಾ ನಕ್ಷಾ ಹೈ ಕ್ಯಾ, ಶೇಠ್?" ಎಂದು ಅದನ್ನು ನದಿಯ ನಕಾಶೆ ಎಂದುಕೊಂಡ ಒಬ್ಬ ಫಿಟ್ಟರು ಕೇಳಿದ. "ಹಾಂ, ಸೀಧಾ ಭರೂಚ್ ತಕ್!" ಎಂದೆ. ಹೆಂಡತಿ ಡಾಕ್ಟರ ಸುದ್ದಿ ಎತ್ತಿದಾಗಲೆಲ್ಲ ಆ ಪಟಕ್ಕೆ ಬೆರಳು ತೋರಿಸುತ್ತಿದ್ದೆ. ಅವಳು ಗೋಗರೆದಳು, ಜಗಳವಾಡಿದಳು, ಎರಡು ದಿನ ಮಾತು ಬಿಟ್ಟಳು. ಅಣ್ಣ ಪ್ರತಿ ವಾರ ಕೇಳಿದ. "ಹೋಗಿ ಬಂದೆ, ಎಲ್ಲ ಸರಿ ಉಂಟಂತೆ," ಎಂದು ಹೆಂಡತಿಗೆ ಕೇಳದ ಹಾಗೆ ಅವನಿಗೆ ಸುಳ್ಳು ಹೇಳಿದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಹೆಬ್ಬೆರಳು ಕಪ್ಪಾಯಿತು. ಆಮೇಲೆ ಪಾದ. ಆಸ್ಪತ್ರೆಯಲ್ಲಿ ಮುಖ್ಯ ರಕ್ತನಾಳ ಮುಚ್ಚಿ ಬಹಳ ತಿಂಗಳಾಗಿದೆ ಎಂದರು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಎಚ್ಚರವಾದಾಗ ಅಣ್ಣ ಹಾಸಿಗೆಯ ಪಕ್ಕ ನಿಂತಿದ್ದ. ಮೂರೇ ದಿನದಲ್ಲಿ ಮುದುಕನಾಗಿದ್ದ. ನನ್ನ ಹೆಂಡತಿಗೆ ಹೇಳುತ್ತಿದ್ದ, "ನನ್ನ ಲೆಕ್ಕ ತಪ್ಪಿತಮ್ಮ. ನಾಳ ಅಲ್ಲಿ ತುಂಡಾಗಿತ್ತು. ಪಕ್ಕದ ಸಣ್ಣ ನಾಳವನ್ನು ನಾನೇ ಎಳೆದು ತಂದು ಆ ಜಾಗದಲ್ಲಿ ಕೂರಿಸಿದೆ. ಎಲ್ಲ ನನ್ನಿಂದ ಆದದ್ದು." ನಾನು ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಮಲಗಿದೆ.

ಅದೇ ಮಾತನ್ನು ಅಣ್ಣ ಊರಿಗೆಲ್ಲ ಹೇಳಿದ. ನೋಡಲು ಬಂದ ಸೂರತ್ತಿನ ನೆಂಟರಿಗೆ ಹೇಳಿದ, ಉಡುಪಿಯಿಂದ ಫೋನು ಮಾಡಿದವರಿಗೆ ಹೇಳಿದ. ಸ್ವಂತ ತಮ್ಮನ ಕಾಲು ತೆಗೆಸಿದ ವಿಜ್ಞಾನಿ ಎಂದು ಜನ ಆಡಿಕೊಂಡರು. ಅಷ್ಟು ವರ್ಷ ದುಡಿದ ಕೆಲಸವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟ. ಭಾನುವಾರಗಳು ನಿಂತವು. ಹೆಂಡತಿ ಫೋನು ಮಾಡಿ ಕರೆದರೆ, "ಈ ವಾರ ಆಗುದಿಲ್ಲಮ್ಮ," ಎನ್ನುತ್ತಿದ್ದ. ಅವಳು ಪ್ರತಿ ಭಾನುವಾರ ಅವನಿಗೆಂದು ಎಲೆ ಹಾಕಿ, ಎರಡು ಗಂಟೆಯವರೆಗೆ ಕಾದು, ಮಡಚುತ್ತಿದ್ದಳು. ಮತ್ತೆ ನಾನು? ಕಾಲು ಕಳಕೊಂಡವನೆಂದು ಎಲ್ಲರ ಮರುಕ ಉಣ್ಣುತ್ತಾ ಸುಮ್ಮನೆ ಕೂತಿದ್ದೆ. ನನ್ನಂಥ ಹೇಡಿಯನ್ನು ನಾನು ಕಂಡಿಲ್ಲ. ಒಮ್ಮೆ ಹೇಳಬೇಕೆಂದು ಫೋನು ಎತ್ತಿ, "ಅಲ್ಲಿ ಸೆಖೆ ಹೇಗುಂಟು ಅಣ್ಣ?" ಎಂದು ಕೇಳಿ ಇಟ್ಟುಬಿಟ್ಟೆ. "ಗೊತ್ತಿಲ್ಲ ಮಾರಾಯ, ನೋಡ್ಲಿಲ್ಲ," ಎಂದಿದ್ದ. ನಮ್ಮಣ್ಣನಿಗೆ ಸೆಖೆ ಎಷ್ಟೆಂದು ಗೊತ್ತಿಲ್ಲ! ಆ ದಿನ ನನಗೆ ತಡೆಯಲಾಗಲಿಲ್ಲ. ಗಲ್ಲಾದಲ್ಲಿ ಗಿರಾಕಿಗಳ ಎದುರೇ ಅತ್ತೆ.

ಹೋದ ವಾರ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗೋಳಿಬಜೆ ಕರಿದು ಡಬ್ಬಿಗೆ ತುಂಬಿಸಿ, "ನೀವೇ ಹೋಗಿ. ನಾನು ಬರುದಿಲ್ಲ," ಎಂದು ಕೈಗೆ ಕೊಟ್ಟಳು. ಕೃತಕ ಕಾಲು ಕಟ್ಟಿಕೊಂಡು, ಕೋಲು ಹಿಡಿದು, ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದೆ.

ಬಾಗಿಲು ತೆಗೆದ ಅಣ್ಣ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು. "ಒಬ್ಬನೇ ಬಂದ್ಯಾ? ಮೆಟ್ಲು ಹೇಗೆ ಹತ್ತಿದೆ?" ಎಂದು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಕಾಫಿ ಮಾಡಿ ತಂದ. ತನ್ನ ಲೋಟವನ್ನು ಸುಮ್ಮನೆ ಎತ್ತಿ, ಹೊಗೆಯಾಡುವ ಕಾಫಿಯನ್ನು ಹಾಗೆಯೇ ಕುಡಿಯತೊಡಗಿದ. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಅಣ್ಣ, ಅವತ್ತು ನೀನು ಆಚೆ ಹೋದಾಗ ತೊಟ್ಟಿಗೆ ನಾನು ಬಿಸಿನೀರು ಹೊಯ್ದಿದ್ದೆ. ಫ್ಲಾಸ್ಕಿನದ್ದು. ನಿನ್ನ ಲೆಕ್ಕ ತಪ್ಪಲಿಲ್ಲ. ಡಾಕ್ಟರ್ ಹತ್ರ ಹೋದೆ ಅಂದದ್ದೂ ಸುಳ್ಳು."

ಅಣ್ಣ ಲೋಟ ಕೆಳಗಿಟ್ಟ.

"ಗೊತ್ತುಂಟು," ಎಂದ.

"ಎಂತ ಗೊತ್ತುಂಟು?"

"ತೊಟ್ಟಿಯ ತಳದಲ್ಲಿ ಇನ್ನೊಂದು ವಯರು ಇರ್ತದೆ. ನಿಮಿಷ ನಿಮಿಷಕ್ಕೂ ಬಿಸಿ ಅಳೆದು ಕಂಪ್ಯೂಟರಿಗೆ ಬರೀತಾ ಹೋಗ್ತದೆ. ಮೊದಲೇ ನೋಡ್ಬೇಕಿತ್ತು, ನೋಡ್ಲಿಲ್ಲ. ನಿನಗೆ ಆಪರೇಷನ್ ಅಂತ ಗೊತ್ತಾದ ದಿನ ತೆಗೆದು ನೋಡಿದೆ. ಒಂದೇ ನಿಮಿಷದಲ್ಲಿ ನೀರು ಬಿಸಿ ಆಗಿತ್ತು. ಸರಿಯಾದ ಅಂಕಿ ಹಾಕಿ ಪುನಃ ಚಿತ್ರ ತೆಗೆದೆ. ನಾಳ ತುಂಡಾದದ್ದು ಸ್ಪಷ್ಟ ಕಂಡಿತು."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ವರ್ಷ ಎಲ್ಲರ ಹತ್ರ ಬೈಸಿಕೊಂಡ್ಯಲ್ಲ! ಕೆಲಸ ಬಿಟ್ಟೆ, ಮನೆಗೆ ಬರುದು ಬಿಟ್ಟೆ!"

"ಬಂದ್ರೆ ಬಾಯಿ ತಪ್ಪಿ ಹೇಳಿಬಿಡ್ತೇನೋ ಅಂತ ಹೆದರಿಕೆ." ಅವನು ನೆಲ ನೋಡುತ್ತಾ ಹೇಳಿದ. "ಕಾಲು ಹೋದದ್ದು ನಿನ್ನದು. ತಪ್ಪಾದ್ರೂ ನನ್ನ ಹತ್ರ ಇರ್ಲಿ ಅಂತ."

ಐವತ್ತೈದು ವರ್ಷದ ಗಂಡಸು ನಾನು, ಮಗುವಿನ ಹಾಗೆ ಅತ್ತೆ. ಅಣ್ಣ ಎದ್ದು ಬಂದು ನನ್ನ ಎದುರು ನೆಲದ ಮೇಲೆ ಕೂತ. ನನ್ನ ಎಡಗಾಲ ಚಪ್ಪಲಿ ತೆಗೆದ. "ಅಣ್ಣ, ದೊಡ್ಡವ ನೀನು, ನನ್ನ ಕಾಲು ಮುಟ್ಟಬಾರದು," ಎಂದು ಎಳೆದುಕೊಳ್ಳಲು ನೋಡಿದೆ. ಬಿಡಲಿಲ್ಲ. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಒತ್ತಿದ.

"ಗೊತ್ತಾಗ್ತದಾ?"

"ಗೊತ್ತಾಗ್ತದೆ."

ಪಕ್ಕದ ಬೆರಳು. ಅದರ ಪಕ್ಕದ್ದು. ಒಂದೊಂದಕ್ಕೂ ಕೇಳಿದ, ಒಂದೊಂದಕ್ಕೂ ಹೇಳಿದೆ. ಕಿರುಬೆರಳಿಗೆ ಬಂದ. ಒತ್ತುತ್ತಿದ್ದಾನೆಂದು ಕಣ್ಣಿಗೆ ಕಾಣುತ್ತಿತ್ತು.

"ಇಲ್ಲ ಅಣ್ಣ. ಅದು ಗೊತ್ತಾಗುದಿಲ್ಲ," ಎಂದೆ.

ಅವನು ಇನ್ನೊಂದು ಸಲ ಒತ್ತಿದ. ನಾನು ತಲೆಯಾಡಿಸಿದೆ. "ಏಳು, ಡಾಕ್ಟರ್ ಹತ್ರ ಹೋಗುವ," ಎಂದು ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ರಿಕ್ಷಾ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ನೋಡುತ್ತೇನೆ, ನನ್ನ ಎಡಗಾಲು ಬರಿಗಾಲು. ಚಪ್ಪಲಿಯನ್ನು ಅಣ್ಣ ದಾರಿಯುದ್ದಕ್ಕೂ ಎರಡು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.